ಮೊಳೆ ಹೊಡೆಯದ ಮನೆ

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ನೋಡಲು ಹೋದವರಿಗೆ ಓನರ್ ಹೇಳುವ ಷರತ್ತುಗಳು ಬಡಾವಣೆಯಿಂದ ಬಡಾವಣೆಗೆ ಬದಲಾಗಬಹುದು. ಒಂದು ಮಾತ್ರ ಜಯನಗರದಲ್ಲೂ ಅದೇ, ಯಲಹಂಕದಲ್ಲೂ ಅದೇ: ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಕೇಳುವುದಕ್ಕೆ ಸಣ್ಣ ಮಾತು. ಆದರೆ ಬಾಡಿಗೆದಾರನ ಸ್ಥಾನಮಾನವನ್ನು ಇಷ್ಟು ಚೊಕ್ಕವಾಗಿ ಹೇಳುವ ವಾಕ್ಯ 11 ತಿಂಗಳ ಅಗ್ರಿಮೆಂಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ. 11 ತಿಂಗಳೇ ಏಕೆ ಎಂಬುದಕ್ಕೂ ಒಂದು ಕಾರಣವಿದೆ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರುವ ಗುತ್ತಿಗೆಯನ್ನು ನೋಂದಾಯಿಸಲೇಬೇಕು. 11ಕ್ಕೆ ನಿಲ್ಲಿಸಿದರೆ ಆ ಖರ್ಚೂ ಇಲ್ಲ, ಓಡಾಟವೂ ಇಲ್ಲ. ಹೀಗಾಗಿ ಎಷ್ಟೋ ಸಂಸಾರಗಳು ಕಾಗದದ ಲೆಕ್ಕದಲ್ಲಿ ವರ್ಷವೂ ತುಂಬದ ಅತಿಥಿಗಳಾಗಿ, ಬದುಕಿನ ಲೆಕ್ಕದಲ್ಲಿ ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ಇದ್ದುಬಿಡುತ್ತವೆ. ಕಾಗದ ಮಾತ್ರ ಮನಸ್ಸಿನೊಳಗೆ ಇಳಿದಿರುತ್ತದೆ. ಹೇಗೂ ಬಿಟ್ಟು ಹೋಗುವ ಮನೆ, ಇದಕ್ಕೇಕೆ ಒಳ್ಳೆ ಪರದೆ? ಸೈಟು ಕೊಂಡಾಗಿದೆ, ಇನ್ನೆರಡು ವರ್ಷಕ್ಕೆ ಕಟ್ಟಿಸುತ್ತೇವೆ, ಆಗ ನೋಡೋಣ. ಮದುವೆಯಲ್ಲಿ ಉಡುಗೊರೆ ಬಂದ ದೀಪದ ಕಂಬ ರಟ್ಟಿನ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಮಂಚದ ಕೆಳಗೆ, ಮಂಚದ ಮೇಲೆ ಸಂಸಾರ. ಈ ಕಾಯುವಿಕೆ ಜಾಣತನವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ನನ್ನ ತಕರಾರು ಇರುವುದು ಅಲ್ಲೇ. ಮನೆ ಮಾಡುವ ವಿದ್ಯೆಯನ್ನು ಕಲಿಯಬಹುದಾದ ಜಾಗ ಯಾವುದಾದರೂ ಇದ್ದರೆ ಅದು ಈ ನಡುವಿನ ಮನೆಯೇ. ಸ್ವಂತ ಮನೆಯ ಹೊತ್ತಿಗೆ ಆ ವಿದ್ಯೆ ಕೈಗೆ ಬಂದಿರಬೇಕೇ ಹೊರತು, ಅಲ್ಲಿಂದ ಶುರುವಾಗುವಂಥದ್ದಲ್ಲ.

ನಡುವಿನಲ್ಲಿರುವವರು ಕಡಿಮೆ ಮಂದಿಯೇನಲ್ಲ. 2011ರ ಜನಗಣತಿಯಲ್ಲೇ ದೇಶದ ನಗರವಾಸಿ ಕುಟುಂಬಗಳಲ್ಲಿ ಶೇಕಡ 27ಕ್ಕೂ ಹೆಚ್ಚು ಬಾಡಿಗೆಯವು. ಊರಿನ ತೊಟ್ಟಿಮನೆ ಪಾಲಾಗಿ ಹೋಗಿದೆ, ಇಲ್ಲಿ ಫ್ಲಾಟ್ ಬುಕ್ ಮಾಡಿಯಾಗಿದೆ, ಬಿಲ್ಡರ್ ಎಂಟನೇ ಮಹಡಿಯ ಕಬ್ಬಿಣ ಕಟ್ಟುತ್ತಲೇ ಇದ್ದಾನೆ, ಸಂಬಳದಲ್ಲಿ ಒಂದು ಪಾಲು ಇಎಂಐಗೆ ಮತ್ತೊಂದು ಪಾಲು ಬಾಡಿಗೆಗೆ. ಇಂಥವರೂ ಹೊಸ ಬಾಡಿಗೆ ಮನೆಗೆ ಹೋದ ಬೆಳಿಗ್ಗೆ ಒಂದು ಕೆಲಸವನ್ನು ತಪ್ಪಿಸುವುದಿಲ್ಲ: ಹಾಲು ಉಕ್ಕಿಸುತ್ತಾರೆ. ಸ್ವಂತ ಮನೆಗೆ ಗುದ್ದಲಿಪೂಜೆಯುಂಟು, ಬಾಗಿಲಿಡುವ ಮುಹೂರ್ತವುಂಟು, ಗೃಹಪ್ರವೇಶಕ್ಕೆ ಹೋಮ, ಊಟ, ಬಂಧುಬಳಗ. ಇವೆಲ್ಲ ನೆಲಕ್ಕೆ, ಚೌಕಟ್ಟಿಗೆ, ಗೋಡೆಗೆ ಸೇರಿದ ಶಾಸ್ತ್ರಗಳು. ಬಾಡಿಗೆಯವರು ಅವನ್ನೆಲ್ಲ ಬಿಟ್ಟು ಒಂದನ್ನು ಇಟ್ಟುಕೊಂಡರು. ಅದಕ್ಕೆ ಬೇಕಾದದ್ದು ಒಂದು ಒಲೆ, ಒಂದು ಪಾತ್ರೆ, ಅರ್ಧ ಲೀಟರ್ ಹಾಲು. ಮೂರೂ ಕೈಯಲ್ಲಿ ಹೊತ್ತು ತರಬಹುದಾದ ವಸ್ತುಗಳು. ಹಾಲು ಉಕ್ಕಿ ಒಲೆಯ ಸುತ್ತ ಹರಿದ ಮೇಲೆ ಆ ಮನೆಯಲ್ಲಿ ಮಲಗಬಹುದು, ಅದಕ್ಕೆ ಮುಂಚೆ ಅದು ಖಾಲಿ ಕಟ್ಟಡ. ಮನೆಯನ್ನು ಮನೆಯಾಗಿಸಲು ಕಟ್ಟಾಕಡೆಗೆ ಏನು ಸಾಕು ಎಂದು ನಮ್ಮ ಜನ ಎಂದೋ ಲೆಕ್ಕ ಹಾಕಿ ಮುಗಿಸಿದ್ದಾರೆ. ಆ ಲೆಕ್ಕದಲ್ಲಿ ಗೋಡೆ ಬರುವುದಿಲ್ಲ.

ಹಾಗಾದರೆ ಏನು ಬರುತ್ತದೆ? ಅಡುಗೆಮನೆಗೆ ಹೋಗಿ ಒಗ್ಗರಣೆ ಡಬ್ಬಿಯನ್ನು ತೆರೆದು ನೋಡಬೇಕು. ದುಂಡನೆಯ ಸ್ಟೀಲ್ ಡಬ್ಬಿ, ಒಳಗೆ ಏಳು ಬಟ್ಟಲು, ಒಂದೇ ಒಂದು ಸಣ್ಣ ಚಮಚ. ಸಾಸಿವೆ, ಜೀರಿಗೆ, ಮೆಂತ್ಯ, ಕಡಲೆಬೇಳೆ, ಉದ್ದಿನಬೇಳೆ, ಅರಿಶಿನ, ನಡುವೆ ಮುರಿದ ಒಣಮೆಣಸಿನಕಾಯಿ. ಮನೆಯಿಂದ ಮನೆಗೆ ಈ ಜೋಡಣೆ ಬೇರೆ. ಆದರೆ ಒಂದು ಮನೆಯೊಳಗೆ ಅದು ಎಂದೂ ಬದಲಾಗದು. ಎಣ್ಣೆ ಕಾದಾಗ ಕಣ್ಣು ಬಾಣಲೆಯ ಮೇಲಿರುತ್ತದೆ, ಕೈ ಮಾತ್ರ ತಾನಾಗಿ ಸಾಸಿವೆಯ ಬಟ್ಟಲಿಗೆ ಹೋಗುತ್ತದೆ. ಸಾಸಿವೆ ಸಿಡಿದು ನಿಲ್ಲುವುದಕ್ಕೂ ಬೇಳೆ ಕೆಂಪಾಗುವುದಕ್ಕೂ ಇರುವ ಆ ನಾಲ್ಕಾರು ಕ್ಷಣಗಳಲ್ಲಿ ಹುಡುಕುವುದಕ್ಕೆ ಬಿಡುವಿಲ್ಲ, ಆದ್ದರಿಂದ ಹುಡುಕಬೇಕಾದ ಅಗತ್ಯವೇ ಬಾರದಂತೆ ವಸ್ತುಗಳನ್ನು ಇಡಲಾಗಿದೆ. ವಿನ್ಯಾಸ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಬೇಡ. ಮನೆ ಬದಲಾಯಿಸುವಾಗ ಗಮನಿಸಿ: ಟೆಂಪೋದಲ್ಲಿ ಹೋಗದೆ ಮಡಿಲಲ್ಲಿ ಹೋಗುವ ಸಾಮಾನುಗಳಲ್ಲಿ ಈ ಡಬ್ಬಿ ಒಂದು, ದೇವರ ಪೆಟ್ಟಿಗೆ ಇನ್ನೊಂದು. ಹೊಸ ಮನೆಯ ಕಟ್ಟೆ ಕಡಪ ಕಲ್ಲಿನದಾಗಿರಲಿ, ಗ್ರಾನೈಟಿನದಾಗಿರಲಿ, ಎಡಕ್ಕೆ ತಿರುಗಿರಲಿ, ಬಲಕ್ಕೆ ತಿರುಗಿರಲಿ, ಡಬ್ಬಿ ಒಲೆಯ ಬಲಗಡೆ ಒಂದು ಗೇಣು ದೂರದಲ್ಲಿ ಕೂತ ಮೇಲೆ ಅಡುಗೆಮನೆ ಅರ್ಧ ಹಳೆಯದಾಯಿತು. ಊರು ಬದಲಾದರೂ ಸಾರಿನ ರುಚಿ ಬದಲಾಗದಿರುವುದರಲ್ಲಿ ಪುಡಿಯ ಪಾಲೆಷ್ಟೋ ಈ ಜೋಡಣೆಯ ಪಾಲೂ ಅಷ್ಟೇ. ನಾವು ಮನೆ ಎಂದು ಕರೆಯುವುದು ಬಹುಮಟ್ಟಿಗೆ ಇಂಥ ಕ್ರಮವನ್ನು. ಕ್ರಮವನ್ನು ಹೊತ್ತೊಯ್ಯಬಹುದು.

ಇದನ್ನು ವೃತ್ತಿಯಾಗಿಯೇ ಮಾಡಿಕೊಂಡವರು ಕರಾವಳಿಯ ಯಕ್ಷಗಾನ ಮೇಳದವರು. ದೀಪಾವಳಿಯ ಆಸುಪಾಸಿಗೆ ತಿರುಗಾಟಕ್ಕೆ ಹೊರಟ ಮೇಳ ಗೆಜ್ಜೆ ಬಿಚ್ಚುವುದು ಮೇ ಕೊನೆಗೆ ಬರುವ ಪತ್ತನಾಜೆಯ ದಿನದ ಹೊತ್ತಿಗೆ. ಆರು ತಿಂಗಳು, ಹೆಚ್ಚುಕಡಿಮೆ ಪ್ರತಿ ರಾತ್ರಿ ಬೇರೆ ಊರು, ಬೇರೆ ಗದ್ದೆ, ಬೇರೆ ಶಾಲೆಯ ಮೈದಾನ. ಸಂಜೆ ಲಾರಿಯಿಂದ ಇಳಿದ ಸಾಮಾನು ಬೆಳಗಾದ ಮೇಲೆ ಮತ್ತೆ ಲಾರಿ ಹತ್ತಬೇಕು. ಪ್ರೇಕ್ಷಕರಿಗೆ ಕಾಣುವುದು ರಂಗಸ್ಥಳ. ನಾವು ನೋಡಬೇಕಾದದ್ದು ಅದರ ಹಿಂದಿನ ಚೌಕಿ, ವೇಷ ಕಟ್ಟುವ ಜಾಗ. ಬಟ್ಟೆಯದೋ ತಗಡಿನದೋ ಮರೆ ಕಟ್ಟಿದ ಒಂದು ಉದ್ದನೆಯ ಆವರಣ, ಒಂದು ತುದಿಯಲ್ಲಿ ಮೇಳದ ದೇವರು, ಮುಂದೆ ದೀಪ, ಎರಡೂ ಬದಿಗೆ ಕಲಾವಿದರ ಸಾಲು. ಯಾವ ವೇಷದವರು ಎಲ್ಲಿ ಕೂರಬೇಕು ಎಂಬುದು ಅವರವರ ಸ್ಥಾನಕ್ಕೆ ತಕ್ಕಂತೆ ಗೊತ್ತಾಗಿರುತ್ತದೆ. ಇಂದು ಗದ್ದೆಯ ಮೇಲೆ ಹಾಸಿದ ಚೌಕಿ, ನಾಳೆ ದೇವಸ್ಥಾನದ ಅಂಗಳದಲ್ಲಿ. ಆದರೆ ಕಲಾವಿದನ ಎಡಗಡೆ ಕೂರುವವರು ನಿನ್ನೆಯವರೇ, ಬಣ್ಣದ ಕನ್ನಡಿ ಇಡುವ ಕಡೆಯೂ ನಿನ್ನೆಯದೇ, ದೇವರಿಗೆ ಕೈ ಮುಗಿಯಲು ಎದ್ದು ಹೋಗಬೇಕಾದ ದಾರಿಯೂ ನಿನ್ನೆಯದೇ. ಊರು ಕೇಳಿದರೆ ಅರೆಕ್ಷಣ ಯೋಚಿಸಿ ಹೇಳಬೇಕಾದ ಮನುಷ್ಯ ತನ್ನ ಜಾಗವನ್ನು ಕಣ್ಣುಮುಚ್ಚಿ ತೋರಿಸಬಲ್ಲ. ಮೇಳದ ಬದುಕು ಸುಖದ ಬದುಕೆಂದು ನಾನು ಹೇಳುತ್ತಿಲ್ಲ. ಹಗಲು ನಿದ್ದೆ, ರಾತ್ರಿ ಕುಣಿತ, ಮನೆಯವರಿಂದ ದೂರ. ನಾನು ಹೇಳುವುದು ಇಷ್ಟೇ: ನೂರೈವತ್ತು ರಾತ್ರಿ ನೂರೈವತ್ತು ನೆಲದ ಮೇಲೆ ಒಂದೇ ಚೌಕಿಯನ್ನು ಕಟ್ಟುವುದು ಸಾಧ್ಯವಿರುವಾಗ, 11 ತಿಂಗಳು ಸಾಲದು ಎಂಬ ನೆಪ ನಿಲ್ಲುವುದಿಲ್ಲ.

ಕ್ರಮ ಸರಿ, ಚೆಲುವಿನ ಮಾತೇನು ಎಂದು ಕೇಳುವವರಿದ್ದಾರೆ. ಗೋಡೆಯಿಲ್ಲದೆ ಚಿತ್ತಾರ ಬರೆಯಲಾದೀತೆ ಎಂಬ ಹಳೆಯ ಮಾತಿನಲ್ಲೇ ಅವರ ಆಕ್ಷೇಪವಿದೆ. ಚಿತ್ತಾರದ ಕಥೆಯನ್ನೇ ನೋಡೋಣ. ಸಾಗರ, ಸೊರಬ ಸೀಮೆಯ ದೀವರ ಹೆಂಗಸರು ಮದುವೆಯ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕುಂಚಕ್ಕೆ ಪುಂಡಿ ನಾರು. ಎಳೆ ಎಳೆಯಾಗಿ ಗೆರೆ ಎಳೆದು ನಡುವೆ ಗಂಡು ಹೆಣ್ಣು, ಅಂಚಿನಲ್ಲಿ ನಿಲಿಯೆಂಬ ವಿನ್ಯಾಸ, ಸುತ್ತ ಜಾಲ. ಗೋಡೆಯ ಕಲೆ ಎಂದರೆ ಇದೇ. ಆದರೆ ಅದೇ ಕೈಗಳು ಭೂಮಿ ಹುಣ್ಣಿಮೆ ಬಂದಾಗ ಅದೇ ಅಕ್ಕಿಹಿಟ್ಟು, ಅದೇ ಕೆಮ್ಮಣ್ಣು, ಅದೇ ಗೆರೆಗಳನ್ನು ಬೆತ್ತದ ಬುಟ್ಟಿಯ ಮೇಲೆ ಇಳಿಸುತ್ತವೆ. ಎಡೆ ತುಂಬಿದ ಬುಟ್ಟಿ ತಲೆಯ ಮೇಲೆ ಗದ್ದೆಗೆ ನಡೆಯುತ್ತದೆ. ಚಪ್ಪಟೆ ಗೋಡೆಗೆ ಹುಟ್ಟಿದ ಗೆರೆ ದುಂಡನೆಯ ಬುಟ್ಟಿಗೆ ಬಾಗಿತು, ಈಚೆಗೆ ಕಾಗದಕ್ಕೂ ಬಟ್ಟೆಗೂ ಬಂತು. ಗೋಡೆಯಾದರೂ ಶಾಶ್ವತವೇ? ಮರುವರ್ಷದ ಕೆಮ್ಮಣ್ಣಿನ ಕೆಳಗೆ ಹೋದ ವರ್ಷದ ಹಸೆ ಮುಚ್ಚಿಹೋಗುತ್ತದೆ. ಉಳಿಯುವುದು ಕೈ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕವಂದಿಯೂ ಹೀಗೆ. ಹಳೆ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿದು, ಮೂಲೆಗಳಿಗೆ ‘ಫುಲ’, ಅಂದರೆ ಹೂವು, ಎಂದು ಕರೆಯುವ ಮುಕ್ಕೋನ ಮಡಿಕೆ ಕೂಡಿಸುವುದು. ಹೂವಿಲ್ಲದ ಕವಂದಿ ಬತ್ತಲೆ ಕಂಡೀತೆಂಬ ಕಾಳಜಿ ಅದು. ಉತ್ತರ ಕರ್ನಾಟಕದ ಕೌದಿಯನ್ನು ಹೊದ್ದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಡಿಗೆ ಮನೆಯ ಬಿಸ್ಕತ್ತು ಬಣ್ಣದ ಗೋಡೆಯನ್ನು ಮುಟ್ಟುವಂತಿಲ್ಲ, ಸರಿ. ಹಾಸಿಗೆ ನಮ್ಮದು, ಹೊದಿಕೆ ನಮ್ಮದು, ಬಾಗಿಲ ಮುಂದಿನ ಎರಡಡಿ ನೆಲಕ್ಕೆ ಪ್ರತಿ ಬೆಳಿಗ್ಗೆ ಬೀಳುವ ರಂಗೋಲಿ ನಮ್ಮದು. ರಂಗೋಲಿಗೆ ಅಡ್ಡಿ ಹೇಳಿದ ಓನರ್ ಇನ್ನೂ ಹುಟ್ಟಿಲ್ಲ.

ಸ್ಫೂರ್ತಿಗಾಗಿ ಈಗ ಎಲ್ಲರೂ ನೋಡುವುದು ಫೋನನ್ನು. ಅಲ್ಲಿ ಕಾಣುವುದು ಬೆಳ್ಳನೆಯ ಗೋಡೆ, ಬೂದು ಸೋಫಾ, ಒಂದೇ ಒಂದು ಎಲೆಯ ಗಿಡ, ಚಪ್ಪಲಿ ಬಿಡಲು ಜಾಗವಿಲ್ಲದ ಹಜಾರ. ಒಣಗಿಸಿದ ಹಪ್ಪಳ, ಗ್ಯಾಸ್ ಸಿಲಿಂಡರ್, ಮಗುವಿನ ಸೈಕಲ್, ಊರಿಂದ ಬಂದ ಅಕ್ಕಿ ಮೂಟೆ ಇಲ್ಲದ ಮನೆಗಳವು. ಅವನ್ನು ನೋಡಿ ನಮ್ಮ ಮನೆಯ ಮೇಲೆ ಬೇಸರ ಪಡಬಹುದೇ ಹೊರತು ಕಲಿಯುವುದು ಕಡಿಮೆ. ಕಲಿಯಬೇಕಾದರೆ ಖಾಲಿ ಬಾಡಿಗೆ ಮನೆಯ ಗೋಡೆಗಳನ್ನು ಓದಬೇಕು. ಎಷ್ಟೇ ಷರತ್ತು ಹಾಕಿದರೂ ಹಿಂದಿದ್ದವರು ಒಂದೆರಡು ಮೊಳೆ ಹೊಡೆದೇ ಇರುತ್ತಾರೆ. ಅಡುಗೆಮನೆಯ ಬಾಗಿಲ ಪಕ್ಕ, ಕಣ್ಣಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಒಂದು ಮೊಳೆ, ಅದರ ಕೆಳಗೆ ಸುತ್ತಲಿನ ಗೋಡೆಗಿಂತ ಬೆಳ್ಳಗಿರುವ ಒಂದು ಚೌಕ. ಅದು ಕ್ಯಾಲೆಂಡರ್ ಇದ್ದ ಜಾಗ. ಹಾಲಿನವನ ಲೆಕ್ಕ, ಏಕಾದಶಿ, ಗ್ಯಾಸ್ ಬಂದ ದಿನ, ಎಲ್ಲವೂ ನಿಂತಲ್ಲೇ ಬರೆಯುವಂತಿರಬೇಕು. ಅದಕ್ಕೆ ಆ ಎತ್ತರ. ಆ ಮೊಳೆ ಹೊಡೆದ ಕೈ ಐದಡಿಗೆ ತುಸು ಹೆಚ್ಚಿನ ಎತ್ತರದವರದು ಎಂದು ಊಹಿಸಬಹುದು. ಕಿಟಕಿಯ ಸರಳಿಗೆ ಸುತ್ತಿ ಬಿಟ್ಟುಹೋದ ದಾರ ಬಿಸಿಲು ಯಾವ ಕಡೆಯಿಂದ ಬರುತ್ತದೆ, ಬಟ್ಟೆ ಎಲ್ಲಿ ಬೇಗ ಒಣಗುತ್ತದೆ ಎಂದು ಹೇಳುತ್ತದೆ. ನೆಲದ ಟೈಲ್ಸಿನ ಮೇಲಿನ ನಾಲ್ಕು ಗುರುತುಗಳು ಮಂಚ ಯಾವ ದಿಕ್ಕಿಗಿತ್ತು ಎನ್ನುತ್ತವೆ. ಆ ಮನೆಯಲ್ಲಿ ಬದುಕಿ ನೋಡಿದವರ ಟಿಪ್ಪಣಿಗಳಿವು. ಯಾವ ಆರ್ಕಿಟೆಕ್ಟನ ನಕ್ಷೆಯಲ್ಲೂ ಇವು ಸಿಕ್ಕುವುದಿಲ್ಲ. ಮೂರು ಮನೆ ಬದಲಿಸಿದವರಿಗೆ ತಮ್ಮ ಬಗ್ಗೆಯೂ ಇಂಥ ಟಿಪ್ಪಣಿಗಳು ಸಿಕ್ಕಿರುತ್ತವೆ. ಪೂರ್ವದ ಕಿಟಕಿ ಇಲ್ಲದ ಮನೆಯಲ್ಲಿ ಯಾರು ಮುಂಗೋಪಿಯಾದರು, ಟ್ಯೂಬ್‌ಲೈಟ್ ತೆಗೆದು ಹಳದಿ ಬಲ್ಬು ಹಾಕಿದ ರಾತ್ರಿ ಊಟದ ಹೊತ್ತು ಹೇಗೆ ಉದ್ದವಾಯಿತು, ಇವೆಲ್ಲ ನೂರಿನ್ನೂರು ರೂಪಾಯಿಯಲ್ಲಿ ನಡೆದ ಪ್ರಯೋಗಗಳು.

ಪ್ರಯೋಗ ಎಂದದ್ದು ಬಾಯಿ ಮಾತಿಗಲ್ಲ. ಇಪ್ಪತ್ತನೇ ಶತಮಾನದ ಕುರ್ಚಿಯ ಚರಿತ್ರೆಯನ್ನು ಬದಲಾಯಿಸಿದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಬಂದು ಇದ್ದದ್ದು ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿನ ಹೆಚ್ಚುವರಿ ಕೋಣೆಯಲ್ಲಿ ಪ್ಲೈವುಡ್ ಬಗ್ಗಿಸುವ ಯಂತ್ರವೊಂದನ್ನು ತಾವೇ ಕಟ್ಟಿಕೊಂಡರು. ಒತ್ತಡ ಕೊಡಲು ಸೈಕಲ್ ಪಂಪು. ಯುದ್ಧಕಾಲದಲ್ಲಿ ಅಮೆರಿಕದ ನೌಕಾದಳ ಮುರಿದ ಕಾಲಿಗೆ ಕಟ್ಟಲು ಕೊಂಡ ಪ್ಲೈವುಡ್ ದಬ್ಬೆ ಹುಟ್ಟಿದ್ದು ಈ ಪ್ರಯೋಗಗಳಿಂದ, ಆಮೇಲಿನ ಕುರ್ಚಿಗಳ ಬೇರೂ ಅಲ್ಲೇ. ಸ್ವಂತ ಮನೆ ಕಟ್ಟಿ ಒಕ್ಕಲಾದದ್ದು 1949ರ ಕೊನೆಗೆ. ಅಂದರೆ ಹೆಸರು ತಂದ ಕೆಲಸದ ಮೊದಲ ಪಾಲು ನಡುವಿನ ಮನೆಯದು. ಇದೇ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಬರೆಯುವಾಗ ನಮ್ಮ ವಸ್ತುಗಳಲ್ಲೆಲ್ಲ ಬಹುವಾಗಿ ಮೆಚ್ಚಿದ್ದು ಒಂದು ತಂಬಿಗೆಯನ್ನು. ಸೊಂಟದ ಮೇಲೆ, ಕಂಕುಳಲ್ಲಿ, ಪ್ರಯಾಣದ ಗಂಟಿನಲ್ಲಿ ಎಲ್ಲಿಗೂ ಬರುವ ತಂಬಿಗೆ ಅವರ ಕಣ್ಣಿಗೆ ಬಿದ್ದದ್ದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ.

ಈಗ ಗಟ್ಟಿ ಆಕ್ಷೇಪಕ್ಕೆ ಬರೋಣ. ಇದೆಲ್ಲ ಇಲ್ಲದವರಿಗೆ ಹೇಳುವ ಸಮಾಧಾನ, ಅಲೆಮಾರಿತನಕ್ಕೆ ಹಚ್ಚುವ ಬಣ್ಣ, ಅಲೆದವರನ್ನು ಕೇಳಿದರೆ ಅವರು ಸೂರನ್ನೇ ಬೇಡುತ್ತಾರೆ ಎನ್ನುವ ಮಾತು. ನಿಜವಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ನಡೆದ ಲಂಬಾಣಿಗರು ಇಡೀ ಮನೆಯನ್ನು ಕಸೂತಿಯೊಳಗೆ ಹೊತ್ತವರು. ಕನ್ನಡಿ, ಕವಡೆ, ನಾಣ್ಯ ಕೂಡಿಸಿದ ಚೀಲ, ಸಿಂಬಿ, ಎತ್ತಿನ ಜೂಲು. ಬೇರೆಯವರು ಕಂಬದ ಮೇಲೆ ಕೆತ್ತಿಸಿದ್ದನ್ನು ಇವರು ಬಟ್ಟೆಯ ಮೇಲೆ ಚುಚ್ಚಿದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಅದೇ ಸಮುದಾಯದ ಸುಮಾರು 50 ಸಾವಿರ ಕುಟುಂಬಗಳಿಗೆ 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದಾಗ ಯಾರೂ ಬೇಡ ಎನ್ನಲಿಲ್ಲ. ತಾಂಡಾಗಳು ಕಂದಾಯ ಗ್ರಾಮಗಳಾಗಬೇಕೆಂದು ದಶಕಗಳ ಕಾಲ ಕೇಳಿದವರು ಅವರೇ. ಕೇಳಲೇಬೇಕಿತ್ತು. ಹಕ್ಕುಪತ್ರವಿಲ್ಲದೆ ಬ್ಯಾಂಕ್ ಸಾಲವಿಲ್ಲ, ಎಬ್ಬಿಸಿದರೆ ಕೇಳುವವರಿಲ್ಲ. ಆದರೆ ಹಕ್ಕುಪತ್ರ ಕೊಡುವುದು ಭದ್ರತೆಯನ್ನು. ಚೆಲುವು ಅದಕ್ಕೂ ಬಹಳ ಮುಂಚಿನದು, ಭದ್ರತೆ ಬರಲೆಂದು ಅದು ಕಾದಿರಲಿಲ್ಲ. ಸೂರಿನ ಹಕ್ಕಿಗಾಗಿ ಜಗಳವಾಡುತ್ತಲೇ, ಇರುವ ಸೂರಿನ ಕೆಳಗೆ ಚೆನ್ನಾಗಿ ಬದುಕಬಹುದು. ಈ ಎರಡರಲ್ಲಿ ಒಂದಕ್ಕಾಗಿ ಇನ್ನೊಂದನ್ನು ಮುಂದೂಡುವುದನ್ನಷ್ಟೇ ನಾನು ಒಪ್ಪುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಇಷ್ಟು ಸಲೀಸಾದ ಉತ್ತರವಿಲ್ಲ. ನಡುವಿನ ಮನೆಯಾದರೂ ಎಲ್ಲರಿಗೂ ಸಿಗುತ್ತದೆಯೇ? ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು, ‘ನೀವು ಯಾವ ಜನ?’ ಎಂಬ ನಯವಾದ ಪ್ರಶ್ನೆ, ಹೆಸರು ಕೇಳಿದೊಡನೆ ‘ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ಟೆವು’ ಎನ್ನುವ ಉತ್ತರ. ಒಗ್ಗರಣೆಯ ವಾಸನೆಗೇ ಲೆಕ್ಕ ಕೇಳುವ ಕಡೆ ಡಬ್ಬಿಯನ್ನು ಬಲಗಡೆ ಇಟ್ಟರೇನು, ಎಡಗಡೆ ಇಟ್ಟರೇನು? ಇದರ ಜೊತೆಗೆ ಹಣದ ಮಾತು. ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ರೂಢಿಯಾಗಿತ್ತು, ಈಗಲೂ ಕೇಳುವವರಿದ್ದಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದಂತೂ ಸಾಮಾನ್ಯ. ಮೊಳೆ ಹೊಡೆಯದವರಿಗೂ ಅದೇ ದಂಡ, ಹೊಡೆದವರಿಗೂ ಅದೇ. ಹೇಗೂ ಬಣ್ಣದ ದುಡ್ಡು ಕೊಡುವವರು ಎರಡು ಮೊಳೆಯ ಸುಖವನ್ನೇಕೆ ಬಿಡಬೇಕು ಎಂಬುದಕ್ಕೆ ಯಾವ ಓನರ್ ಬಳಿಯೂ ತರ್ಕಬದ್ಧ ಉತ್ತರವಿಲ್ಲ. ಇದು ಕಾನೂನು ಸರಿಪಡಿಸಬೇಕಾದ ಅನ್ಯಾಯ, ಕುಶನ್ ಕವರು ಬದಲಿಸಿ ಸರಿಹೋಗುವಂಥದ್ದಲ್ಲ.

ಸ್ವಂತ ಮನೆಯ ದಿನವೂ ಕೆಲವರಿಗೆ ಬರುತ್ತದೆ. ಅಲ್ಲಿಯವರೆಗೆ ಏನನ್ನೂ ಮಾಡದೆ ಕಾದವರ ಮನೆಯನ್ನು ಗೃಹಪ್ರವೇಶದ ದಿನವೇ ಗುರುತಿಸಬಹುದು. ಫಾಲ್ಸ್ ಸೀಲಿಂಗಿನಲ್ಲಿ ನಲವತ್ತು ದೀಪ, ಓದಲು ಕೂರುವ ಜಾಗದಲ್ಲಿ ಒಂದೂ ಇಲ್ಲ. ಟಿವಿಗೆ ಮರದ ಕೆತ್ತನೆಯ ಗೋಡೆ, ಒದ್ದೆ ಛತ್ರಿ ಇಡಲು ಮೂಲೆಯಿಲ್ಲ. ಅಡುಗೆಯ ಕಟ್ಟೆಯ ಎತ್ತರವನ್ನು ಮೇಸ್ತ್ರಿ ತನಗೆ ತಿಳಿದಂತೆ ಹಿಡಿದಿರುತ್ತಾನೆ, ಮೂವತ್ತು ವರ್ಷ ಅದರ ಮುಂದೆ ನಿಲ್ಲುವವರನ್ನು ಯಾರೂ ನಿಲ್ಲಿಸಿ ಅಳೆದಿರುವುದಿಲ್ಲ. ನಾಲ್ಕು ಬಾಡಿಗೆ ಮನೆಯ ಕಟ್ಟೆಗಳಲ್ಲಿ ಬೆನ್ನು ನೋಯಿಸಿಕೊಂಡವರು, ಅದನ್ನು ಮನಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡವರು, ಇಂಚಿನ ಲೆಕ್ಕದಲ್ಲಿ ಹೇಳಬಲ್ಲರು. ದೊಡ್ಡ ಮನೆಯೇ ಬೇಕಿಲ್ಲ, ಎರಡು ಕಿಟಕಿ ಸರಿಯಾದ ಕಡೆ ಇದ್ದರೆ ಸಾಕು ಎಂದೂ ಹೇಳಬಲ್ಲರು. ಆದ್ದರಿಂದ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯನ್ನು ಈ ಭಾನುವಾರವೇ ಬಿಚ್ಚಿ. ದೀಪದ ಕಂಬಕ್ಕೆ ಮೊಳೆ ಬೇಕಿಲ್ಲ, ನೆಲ ಸಾಕು. ಮುಂದೊಂದು ದಿನ ಟೆಂಪೋ ಬಂದು ನಿಂತಾಗ ಕ್ಯಾಲೆಂಡರನ್ನು ಸುತ್ತಿಟ್ಟುಕೊಳ್ಳಿ, ಅಡುಗೆಮನೆಯ ಬಾಗಿಲ ಪಕ್ಕದ ಆ ಹಳೆಯ ಮೊಳೆಯನ್ನು ಮಾತ್ರ ಕೀಳಬೇಡಿ. ನಿಮ್ಮ ನಂತರ ಬರುವವರಿಗೆ ಅದು ಬೇಕಾಗುತ್ತದೆ, ಅವರಿಗೂ ಓನರ್ ಮೊಳೆ ಹೊಡೆಯಬೇಡಿ ಎಂದೇ ಹೇಳಿರುತ್ತಾರೆ.